ಸಮುದ್ರದ ಕರೆಂಟ್ ಯೂನಿಟ್‌ಗೆ ಎಷ್ಟು ಬೀಳುತ್ತದೆ?

ವಿದ್ಯುತ್ ಯೋಜನೆಗಳ ಖರ್ಚು ಲೆಕ್ಕ ಹಾಕುವುದು ನನ್ನ ಕೆಲಸ. ಮೈಸೂರು, ಮಂಡ್ಯದ ಇಂಜಿನಿಯರಿಂಗ್ ಹುಡುಗರು ಆಗಾಗ ಕೇಳುತ್ತಾರೆ: ಇಷ್ಟುದ್ದ ಕರಾವಳಿ ಇದೆ, ಅಲೆ ಪುಕ್ಕಟೆ, ಮತ್ಯಾಕೆ ಸರ್ ಅದರಿಂದ ಕರೆಂಟ್ ತೆಗೆಯಲ್ಲ?

ಅಲೆ ಪುಕ್ಕಟೆ, ಸಾಲದ ಬಡ್ಡಿ ಪುಕ್ಕಟೆ ಅಲ್ವಲ್ಲ. ಸುಂದರಬನದ ದುರ್ಗಾದುವಾನಿಯಲ್ಲಿ 3.75 ಮೆಗಾವಾಟ್‌ನ ಉಬ್ಬರವಿಳಿತದ ಯೋಜನೆ ಹಾಕಿದ್ದರು, ಅಂದರೆ ಏರಿಳಿಯುವ ಸಮುದ್ರದ ನೀರನ್ನು ಕಟ್ಟೆ ಕಟ್ಟಿ ತಡೆದು ಕರೆಂಟ್ ತೆಗೆಯುವುದು. ಅಂದಾಜು ಖರ್ಚು 238 ಕೋಟಿ, ಅಂದರೆ ಮೆಗಾವಾಟ್‌ಗೆ 63 ಕೋಟಿಗೂ ಜಾಸ್ತಿ. ದುಬಾರಿ ಅಂತ ಕೈಬಿಟ್ಟರು. ನೀವೇ ಲೆಕ್ಕ ಹಾಕಿ ನೋಡಿ: ಪೂರ್ಣ ಸಾಮರ್ಥ್ಯದ ಕಾಲುಭಾಗ ಉತ್ಪಾದನೆ ಅಂತ ಹಿಡಿದರೆ ವರ್ಷಕ್ಕೆ ಸುಮಾರು 82 ಲಕ್ಷ ಯೂನಿಟ್, ಶೇ 9ರ ಬಡ್ಡಿಯೇ 21 ಕೋಟಿ, ಹಾಗಾಗಿ ಅಸಲು, ರಿಪೇರಿ, ಸಂಬಳ ಯಾವುದನ್ನೂ ಸೇರಿಸದೆ ಬರೀ ಬಡ್ಡಿಗೇ ಯೂನಿಟ್‌ಗೆ 26 ರೂಪಾಯಿ. ಪಾವಗಡದಂಥ ದೊಡ್ಡ ಸೋಲಾರ್ ಪಾರ್ಕ್‌ನ ಕರೆಂಟ್ ಇದರ ಒಂದು ಸಣ್ಣ ಪಾಲಿಗೆ ಸಿಗುತ್ತದೆ.

ಹಾಗಂತ ಎಲ್ಲ ಕಡೆಯೂ ನಷ್ಟವೇ ಅಲ್ಲ. ಫ್ರಾನ್ಸಿನ ಲಾ ರಾನ್ಸ್‌ನಲ್ಲಿ 240 ಮೆಗಾವಾಟ್‌ನ ಘಟಕ 1966ರಿಂದ ನಡೆಯುತ್ತಿದೆ. ಅಣೆಕಟ್ಟು ಗಟ್ಟಿ ಇದ್ದರೆ ಸಾಲ ತೀರಿದ ಮೇಲೆ ಕರೆಂಟ್ ಅಗ್ಗ. 1902ರಲ್ಲಿ ಶುರುವಾದ ನಮ್ಮ ಶಿವನಸಮುದ್ರದ್ದೂ ಇದೇ ಕಥೆ. ಆದರೆ ಲಾ ರಾನ್ಸ್‌ನಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸರಾಸರಿ 8 ಮೀಟರ್ ವ್ಯತ್ಯಾಸ. ಮಂಗಳೂರಿನಲ್ಲಿ ಹೆಚ್ಚೆಂದರೆ ಒಂದೂವರೆ ಮೀಟರ್ ಆಸುಪಾಸು. ಸಿಗುವ ಶಕ್ತಿ ಈ ಎತ್ತರದ ವರ್ಗಕ್ಕೆ (ಎತ್ತರವನ್ನು ಎತ್ತರದಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇರುತ್ತದೆ, ಹಾಗಾಗಿ ಅಷ್ಟೇ ಅಗಲದ ಜಾಗದಲ್ಲಿ ನಮಗೆ ಸಿಗುವುದು ಅಲ್ಲಿನದರ ಹೆಚ್ಚೆಂದರೆ ಸುಮಾರು ಮೂವತ್ತನೇ ಒಂದು ಪಾಲು. ಕಟ್ಟೆಯ ಖರ್ಚು ಮಾತ್ರ ಆ ಪ್ರಮಾಣದಲ್ಲಿ ಇಳಿಯುವುದಿಲ್ಲ.

ಅಲೆಯ ಯಂತ್ರಗಳ ಕಷ್ಟವೇ ಬೇರೆ. ಕೇರಳದ ವಿಳಿಂಜಂನಲ್ಲಿ 1991ರಲ್ಲೇ 150 ಕಿಲೋವಾಟ್‌ನ ಪ್ರಾಯೋಗಿಕ ಘಟಕ ಮಾಡಿದ್ದರು, ಒಳ್ಳೆಯ ಕೆಲಸ. ಆದರೆ ನಮ್ಮ ಕಡಲಲ್ಲಿ ಮಳೆಗಾಲದ ಹೊಡೆತ ತಡೆಯುವಷ್ಟು ಗಟ್ಟಿಯಾಗಿ ಯಂತ್ರ ಕಟ್ಟಬೇಕು, ಉಳಿದ ತಿಂಗಳು ಸಣ್ಣ ಅಲೆಯಲ್ಲೇ ಸಂಪಾದಿಸಬೇಕು. ಉಪ್ಪಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಚಿಪ್ಪುಗಳು ಅಂಟಿಕೊಳ್ಳುತ್ತವೆ. ಕೆಟ್ಟಿತು ಅಂದರೆ ಹಡಗು ಬಾಡಿಗೆಗೆ ಹಿಡಿದು, ಕಡಲು ಶಾಂತವಾಗುವ ತನಕ ಕಾಯಬೇಕು. ಅಷ್ಟೂ ದಿನ ಆದಾಯ ಸೊನ್ನೆ, ಬಡ್ಡಿ ಓಡುತ್ತಲೇ ಇರುತ್ತದೆ.

ನನ್ನ ಅಭಿಪ್ರಾಯ ಇಷ್ಟು: ಕರ್ನಾಟಕದ ಗ್ರಿಡ್‌ಗೆ ಅಂತ ಇದರ ಮೇಲೆ ಈಗ ದೊಡ್ಡ ದುಡ್ಡು ಹಾಕಬಾರದು. ಸಂಶೋಧನೆಗೆ ಕೊಡಲಿ, ಧಾರಾಳವಾಗಿ ಕೊಡಲಿ. ಮೊದಲು ಲಕ್ಷದ್ವೀಪದಂಥ ಕಡೆ ಪ್ರಯತ್ನ ಮಾಡಲಿ, ಯಾಕಂದರೆ ಅಲ್ಲಿ ಡೀಸೆಲ್ ಅನ್ನು ಹಡಗಲ್ಲಿ ತಂದು ಜನರೇಟರ್ ಓಡಿಸುತ್ತಾರೆ, ಆ ದುಬಾರಿ ಕರೆಂಟಿನ ಎದುರು ಸಮುದ್ರದ ಕರೆಂಟ್ ಪೈಪೋಟಿಗೆ ನಿಲ್ಲಬಹುದು.