ದುಂಬಿಗೆ ನಾಟುವ ಆರ್‌ಎನ್‌ಎ ಕಂಬಳಿಹುಳಕ್ಕೆ ಯಾಕೆ ನಾಟುವುದಿಲ್ಲ?

ಆರ್‌ಎನ್‌ಎ ಇಂಟರ್‌ಫಿಯರೆನ್ಸ್ (ಎರಡೆಳೆಯ ಆರ್‌ಎನ್‌ಎ ಬಳಸಿ ಒಂದು ಜೀನಿನ ಬಾಯಿ ಮುಚ್ಚಿಸುವುದು) ಅಂದ ಕೂಡಲೇ ನಾವೆಲ್ಲ ಅದರ ಡೈಸರ್ ಎಂಬ ಕಿಣ್ವದ ಚಿತ್ರ ಬರೆದು ಮುಗಿಸುತ್ತೇವೆ. ಕೀಟಗಳ ಮಟ್ಟಿಗೆ ನೋಡಬೇಕಾದದ್ದು ಕರುಳನ್ನು.

ಮೊದಲು ಬೇಗ ಒಂದು ಸುತ್ತು. ಕೋಶದೊಳಗೆ ಎರಡೆಳೆಯ ಆರ್‌ಎನ್‌ಎ ಸಿಕ್ಕರೆ ಡೈಸರ್ ಕಿಣ್ವ ಅದನ್ನು ಸುಮಾರು 21 ಅಕ್ಷರಗಳ (ಅಂದರೆ ಆರ್‌ಎನ್‌ಎ ಸರಪಳಿಯ ಕೊಂಡಿಗಳ) ತುಂಡು ಮಾಡುತ್ತದೆ. ಆ ತುಂಡಿನ ಒಂದು ಎಳೆಯನ್ನು ಆರ್ಗೊನಾಟ್ ಪ್ರೋಟೀನ್ ಹಿಡಿದುಕೊಳ್ಳುತ್ತದೆ. ಅದಕ್ಕೆ ಹೊಂದುವ ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಜೀನಿನಿಂದ ಬರುವ ನಕಲು) ಕಂಡರೆ ಕತ್ತರಿಸುತ್ತದೆ. ಜೀನ್ ಇದ್ದಲ್ಲೇ ಇರುತ್ತದೆ, ಪ್ರೋಟೀನ್ ಮಾತ್ರ ತಯಾರಾಗುವುದಿಲ್ಲ. ('ಜೀನ್ ಕತ್ತರಿಸುತ್ತದೆ' ಅಂತ ಬರೆದು ನಾನು ಒಮ್ಮೆ ಅಂಕ ಕಳೆದುಕೊಂಡಿದ್ದೇನೆ.) ಫೈರ್ ಮತ್ತು ಮೆಲ್ಲೊ ಎಂಬ ವಿಜ್ಞಾನಿಗಳು 1998ರಲ್ಲಿ ಇದನ್ನು ಪುಟ್ಟ ದುಂಡುಹುಳದಲ್ಲಿ ತೋರಿಸಿದರು, 2006ರಲ್ಲಿ ನೊಬೆಲ್ ಬಂತು.

ಈಗ ಕೊಲೊರಾಡೊ ಆಲೂಗಡ್ಡೆ ದುಂಬಿ. ಅಮೆರಿಕದಲ್ಲಿ ಒಂದಾದ ಮೇಲೊಂದು ಕೀಟನಾಶಕವನ್ನು ಅರಗಿಸಿಕೊಂಡ ಆಸಾಮಿ. 2023ರ ಕೊನೆಗೆ ಅಲ್ಲಿ ಇದನ್ನು ಕೊಲ್ಲಲು ಎಲೆಗಳ ಮೇಲೆ ಸಿಂಪಡಿಸುವ ಲೆಡ್‌ಪ್ರೋನಾ ಎಂಬ ಎರಡೆಳೆ ಆರ್‌ಎನ್‌ಎಗೆ ಒಪ್ಪಿಗೆ ಸಿಕ್ಕಿತು. ಕೋಶದ ಬೇಡದ ಪ್ರೋಟೀನ್‌ಗಳನ್ನು ಒಡೆಯುವ ಪ್ರೋಟಿಯಾಸೋಮ್ ಇದೆಯಲ್ಲ, ಅದರ ಒಂದು ಭಾಗವನ್ನು ಮಾಡುವ ಜೀನೇ ಗುರಿ. ಎಲೆ ತಿಂದ ಮರಿಯ ಕೋಶಗಳಲ್ಲಿ ಕಸ ತುಂಬುತ್ತದೆ. ಮೇಯುವುದು ನಿಲ್ಲುತ್ತದೆ, ಕೆಲವು ದಿನಗಳಲ್ಲಿ ಸಾಯುತ್ತದೆ. ತಕ್ಷಣ ಅಲ್ಲ, ಏಕೆಂದರೆ ಮೊದಲೇ ತಯಾರಾದ ಪ್ರೋಟೀನ್ ಖಾಲಿಯಾಗಬೇಕಲ್ವಾ?

ಇದೇ ಉಪಾಯ ಕಂಬಳಿಹುಳದ ಮೇಲೆ ಅಷ್ಟಾಗಿ ನಡೆಯುವುದಿಲ್ಲ. ಅದರ ಕರುಳಿನ ರಸ ತೀರಾ ಕ್ಷಾರ, ಜೊತೆಗೆ ಆರ್‌ಎನ್‌ಎ ಕಡಿಯುವ ಕಿಣ್ವಗಳು ಜಾಸ್ತಿ. ಹೇಗೋ ಕೋಶದೊಳಗೆ ನುಗ್ಗಿದ್ದೂ ಎಂಡೋಸೋಮ್ ಎಂಬ ಚೀಲಗಳಲ್ಲೇ ಸಿಕ್ಕಿಬೀಳುತ್ತದೆ, ಡೈಸರ್ ಹತ್ತಿರ ಹೋಗುವುದೇ ಇಲ್ಲ. ನಮ್ಮ ಹತ್ತಿಯ ಕಾಯಿಕೊರಕ, ಮೆಕ್ಕೆಜೋಳದ ಸೈನಿಕ ಹುಳು ಎರಡೂ ಪತಂಗದ ಮರಿಗಳೇ. ನಮಗೆ ಬೇಕಾದ ಕಡೆಯೇ ಕೈಕೊಡುತ್ತದೆ ನೋಡಿ.

ಇನ್ನೊಂದು ತೊಡಕು ಉದ್ದದ್ದು. 21 ಅಕ್ಷರದ ತುಂಡನ್ನೇ ತಿನ್ನಿಸಿದರೆ ದುಂಬಿಯ ಕರುಳೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸುಮಾರು 60ಕ್ಕಿಂತ ಉದ್ದ ಬೇಕು. ಗಿಡದಲ್ಲೇ ಆರ್‌ಎನ್‌ಎ ಬೆಳೆಸೋಣ ಅಂದರೆ ಗಿಡದ ಡೈಸರ್ ಮೊದಲೇ ಕತ್ತರಿಸಿಬಿಡುತ್ತದೆ. ಅದಕ್ಕೇ 2015ರಲ್ಲಿ ಆಲೂಗಡ್ಡೆ ಗಿಡದ ಕ್ಲೋರೋಪ್ಲಾಸ್ಟ್‌ನಲ್ಲಿ (ಕೋಶದೊಳಗಿನ ಹಸಿರು ಕಣಗಳಲ್ಲಿ) ಬೆಳೆಸಿ ನೋಡಿದರು. ಅಲ್ಲಿ ಡೈಸರ್ ಇಲ್ಲ. ಎಲೆ ತಿಂದ ದುಂಬಿ ಮರಿಗಳು ಸತ್ತವು.

ಹಾಗಂತ ದುಂಬಿಗಳು ಸುಮ್ನೆ ಕೂರುವುದಿಲ್ಲ. ಮೆಕ್ಕೆಜೋಳದ ಬೇರು ತಿನ್ನುವ ಒಂದು ದುಂಬಿಯಲ್ಲಿ ಇಂಥ ಎರಡೆಳೆ ಆರ್‌ಎನ್‌ಎಗೆ ನಿರೋಧಕ ಶಕ್ತಿ ಬೆಳೆದದ್ದನ್ನು 2018ರಲ್ಲಿ ವರದಿ ಮಾಡಿದರು. ಅದರ ಕರುಳು ಎರಡೆಳೆಯನ್ನು ಒಳಗೆ ತೆಗೆದುಕೊಳ್ಳುವುದನ್ನೇ ಬಿಟ್ಟಿತ್ತು. ಬೇರೆ ಜೀನ್‌ಗಳ ಎರಡೆಳೆ ತಿನ್ನಿಸಿದರೂ ಜಗ್ಗಲಿಲ್ಲ. ಬಿಟಿ ಪ್ರೋಟೀನ್ (ಒಂದು ಬ್ಯಾಕ್ಟೀರಿಯಾದಿಂದ ಬರುವ, ಕೀಟ ಕೊಲ್ಲುವ ಪ್ರೋಟೀನ್) ಕೊಟ್ಟಾಗ ಮಾತ್ರ ಎಂದಿನಂತೆ ಸತ್ತಿತು.