ಹುಳು ಎಲೆಯಲ್ಲಿ, ಕಾಯಿಲೆ ಬುಡದಲ್ಲಿ

ರಸ್ತೆ ಬದಿಯ ಮರಕ್ಕೆ ರೋಗ ಬಂದಿದೆ ಎಂದು ಕರೆಸುವವರು ಸಾಮಾನ್ಯವಾಗಿ ಎಲೆಯೊಂದನ್ನು ಕೈಯಲ್ಲಿ ಹಿಡಿದೇ ನಿಂತಿರುತ್ತಾರೆ. ಎಲೆಯಲ್ಲಿ ತೂತು, ಇಲ್ಲವೇ ಅಡಿಯಲ್ಲಿ ಬಿಳಿ ಹಿಟ್ಟು. ಪ್ರಶ್ನೆಯೂ ಸಿದ್ಧವಾಗಿರುತ್ತದೆ: ಯಾವ ಔಷಧಿ ಹೊಡೆಯಬೇಕು? ನಾನು ಎಲೆಯನ್ನು ನೋಡಿ, ಮರದ ಬುಡಕ್ಕೆ ಹೋಗಿ ಕೂರುತ್ತೇನೆ. ಚೆನ್ನಾಗಿ ಬೆಳೆದ ಮರವನ್ನು ಎಲೆಯ ಹುಳು ಕೊಲ್ಲುವುದು ಅಪರೂಪ.

ಸಸ್ಯಹೇನು, ಹಿಟ್ಟು ತಿಗಣೆ, ಶಲ್ಕ ಕೀಟಗಳು ರಸ ಹೀರುವ ಬಳಗ. ಮರದ ರಸದಲ್ಲಿ ಸಕ್ಕರೆ ಹೆಚ್ಚು, ಸಾರಜನಕ ತೀರಾ ಕಡಿಮೆ. ಬೇಕಾದಷ್ಟು ಸಾರಜನಕ ದಕ್ಕಬೇಕಾದರೆ ಕೀಟ ಮಿತಿಮೀರಿ ಕುಡಿಯಬೇಕು, ಹೆಚ್ಚಾದ ಸಕ್ಕರೆಯನ್ನು ಹೊರಹಾಕಬೇಕು. ಮರದಡಿ ನಿಲ್ಲಿಸಿದ ಕಾರಿನ ಗಾಜು ಜಿಗುಟಾಗುವುದು ಹೀಗೆ. ಅದೇ ಅಂಟಿನ ಮೇಲೆ ಕಪ್ಪು ಬೂಷ್ಟು ಹಬ್ಬುತ್ತದೆ. ಅದು ಎಲೆಯೊಳಗೆ ಇಳಿಯುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬರುತ್ತದೆ. ಕಾಂಡದ ಮೇಲೆ ಇರುವೆಗಳ ಸಾಲು ಇದೆಯೇ ಎಂದು ನೋಡಿ. ಆ ಸಿಹಿ ಅಂಟಿನ ಆಸೆಗೆ ಅವು ಹೇನುಗಳನ್ನು ಕಾಯುತ್ತವೆ, ಹೇನು ತಿನ್ನಲು ಬರುವ ಗುಲಗಂಜಿ ಹುಳುಗಳನ್ನು ಓಡಿಸುತ್ತವೆ. ಕಾಂಡಕ್ಕೆ ಬಟ್ಟೆ ಸುತ್ತಿ, ಅದರ ಮೇಲೆ ಅಂಟು ಬಳಿದು ಇರುವೆಯ ದಾರಿ ಕಟ್ಟಿದರೆ ಉಳಿದ ಕೆಲಸವನ್ನು ಬಹುಮಟ್ಟಿಗೆ ಆ ಗುಲಗಂಜಿ ಹುಳುಗಳೇ ಮುಗಿಸುತ್ತವೆ.

ಹೇನಿನ ಮೇಲೆ ಔಷಧಿ ಹೊಡೆಯಲು ನಾನು ಹಿಂಜರಿಯುವುದಕ್ಕೆ ಕಾರಣವಿದೆ. 2013ರ ಜೂನ್‌ನಲ್ಲಿ ಅಮೆರಿಕದ ಆರೆಗನ್ ರಾಜ್ಯದ ವಿಲ್ಸನ್‌ವಿಲ್ ಊರಿನ ಪಾರ್ಕಿಂಗ್ ಜಾಗವೊಂದರಲ್ಲಿ ಲಿಂಡನ್ ಮರಗಳಿಗೆ ಹೇನಿನ ಕಾಟವೆಂದು ಕೀಟನಾಶಕ ಸಿಂಪಡಿಸಿದರು. ಮರಗಳು ಆಗ ಹೂ ಬಿಟ್ಟಿದ್ದವು. ಸುಮಾರು 50,000 ಬಂಬಲ್ ಜೇನುಗಳು ನೆಲಕ್ಕೆ ಉದುರಿ ಸತ್ತವು. ಹೂ ಬಿಟ್ಟ ಮರಕ್ಕೆ ಕೀಟನಾಶಕ ಬೇಡವೇ ಬೇಡ.

ಎಲೆ ಚುಕ್ಕಿ, ಬೂದಿ ರೋಗಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿದ್ದ ಎಲೆಗಳನ್ನು ಗುಡಿಸಿ ತೆಗೆಯಿರಿ, ದಟ್ಟವಾದ ಕೊಂಬೆಗಳ ನಡುವೆ ಗಾಳಿಯಾಡಲು ಬಿಡಿ, ಅಷ್ಟೇ.

ಚಿಂತಿಸಬೇಕಾದದ್ದು ಕಾಂಡ ಕೊರಕಗಳ ಬಗ್ಗೆ. ಇವುಗಳ ಮರಿಹುಳು ತೊಗಟೆಯಡಿ ಸುರಂಗ ಕೊರೆಯುತ್ತ, ಎಲೆಯಿಂದ ಬೇರಿಗೆ ಆಹಾರ ಇಳಿಯುವ ಪದರವನ್ನೇ ಕತ್ತರಿಸುತ್ತದೆ. ಹೊರಗೆ ಕಾಣುವುದು ಒಂದು ತೂತು, ಅಷ್ಟೇ. ಆದರೆ ಆ ತೂತಿಗೂ ಮುಖವಿದೆ. 2002ರಲ್ಲಿ ಡೆಟ್ರಾಯಿಟ್ ಸುತ್ತಮುತ್ತ ಪತ್ತೆಯಾಗಿ, ಉತ್ತರ ಅಮೆರಿಕದ ಕೋಟ್ಯಂತರ ಆ್ಯಶ್ ಮರಗಳನ್ನು ಮುಗಿಸಿದ ಹಸಿರು ಜೀರುಂಡೆ ಹೊರಬರುವಾಗ ಇಂಗ್ಲಿಷ್ ಡಿ ಅಕ್ಷರದ ಆಕಾರದ, ಮೂರು-ನಾಲ್ಕು ಮಿಲಿಮೀಟರ್ ಅಗಲದ ತೂತು ಮಾಡುತ್ತದೆ. 1996ರಲ್ಲಿ ನ್ಯೂಯಾರ್ಕಿನಲ್ಲಿ ಸಿಕ್ಕ ಏಷ್ಯಾದ ಉದ್ದ ಮೀಸೆಯ ಜೀರುಂಡೆಯದು ಪೆನ್ಸಿಲ್ ತೂರುವಷ್ಟು ದೊಡ್ಡ, ದುಂಡನೆಯ ತೂತು. ಈ ಎರಡೂ ಹೊರಗಿನಿಂದ ಬಂದ ಕೀಟಗಳು, ಗಟ್ಟಿಮುಟ್ಟಾದ ಮರವನ್ನೂ ಬಿಡುವುದಿಲ್ಲ. ಸ್ಥಳೀಯ ಕೊರಕಗಳು ಮಾತ್ರ ಬಹುತೇಕ ನೀರಿಲ್ಲದೆ, ಬೇರು ಕಡಿಸಿಕೊಂಡು ಸೊರಗಿದ ಮರವನ್ನೇ ಹುಡುಕಿಕೊಂಡು ಬರುತ್ತವೆ. ಅಂಥ ಮರದಲ್ಲಿ ಹುಳುವನ್ನು ಕೊಂದು ಸೊರಗುವಿಕೆಯನ್ನು ಹಾಗೆಯೇ ಬಿಟ್ಟರೆ ಮುಂದಿನ ವರ್ಷ ಹೊಸ ಹುಳು ಬರುತ್ತದೆ.

ಬುಡದಲ್ಲಿ ನಾನು ಮೊದಲು ನೋಡುವುದು, ಕಾಂಡ ನೆಲ ಸೇರುವಲ್ಲಿ ಅಗಲವಾಗಿದೆಯೇ ಎಂದು. ಕಂಬ ನೆಟ್ಟಂತೆ ನೇರವಾಗಿ ಇಳಿದಿದ್ದರೆ ಯಾರೋ ಮೇಲೆ ಮಣ್ಣು ತುಂಬಿದ್ದಾರೆ ಎಂದರ್ಥ. ನೀರು ಹೀರುವ ಬೇರುಗಳು ಹೆಚ್ಚಾಗಿ ಮೇಲಿನ ಅರ್ಧ ಮೀಟರ್ ಮಣ್ಣಿನಲ್ಲೇ, ಕೊಂಬೆಗಳ ಹರಹನ್ನೂ ಮೀರಿ ಹಬ್ಬಿರುತ್ತವೆ. ಪೈಪಿಗೋ ಕೇಬಲ್ಲಿಗೋ ತೋಡಿದ ಕಾಲುವೆ ಅವನ್ನು ಕತ್ತರಿಸುತ್ತದೆ, ಕಾಂಡದವರೆಗೆ ಸುರಿದ ಕಾಂಕ್ರೀಟು ಉಸಿರು ಕಟ್ಟಿಸುತ್ತದೆ. ಗಾಯವಾದ ಬೇರಿನಿಂದ ಕೊಳೆ ರೋಗದ ಶಿಲೀಂಧ್ರ ಒಳಹೊಗುತ್ತದೆ. ವರ್ಷಗಳ ಮೇಲೆ ಬುಡದಲ್ಲಿ ಕಂದು ಬಣ್ಣದ, ಮರದಷ್ಟೇ ಗಟ್ಟಿಯಾದ, ಅಂಚು ಬಿಳಿಯಿರುವ ಗ್ಯಾನೊಡರ್ಮ ಅಣಬೆ ಮೂಡುತ್ತದೆ. ಅದನ್ನು ಒದ್ದು ಕಿತ್ತು ಬಿಸಾಡಿ ಸಮಾಧಾನಪಡುವವರಿದ್ದಾರೆ. ಅಣಬೆ ಶಿಲೀಂಧ್ರದ ಹಣ್ಣು ಮಾತ್ರ, ಅಸಲು ಶಿಲೀಂಧ್ರ ಮರದೊಳಗೇ ಇರುತ್ತದೆ. ಹೊರಗಿನ ಜೀವಂತ ಪದರದಲ್ಲಿ ನೀರು ಏರುತ್ತಿರುವುದರಿಂದ ಮೇಲೆ ಎಲೆ ಹಸಿರಾಗಿಯೇ ಇರುತ್ತದೆ. ಹಸಿರು ತಲೆಯ ಮರ ಬಿರುಗಾಳಿಗೆ ಬುಡಸಮೇತ ಉರುಳಿದಾಗ ಎಲ್ಲರಿಗೂ ಅಚ್ಚರಿ. ಬುಡದಲ್ಲಿ ಅಣಬೆ ಕಂಡ ಮರದ ಬೇರನ್ನು ಪರೀಕ್ಷಿಸದೆ, ಅದರಡಿ ಬೆಂಚು ಹಾಕಲು ನಾನು ಒಪ್ಪುವುದಿಲ್ಲ.

ಇನ್ನು ನಾವೇ ಮಾಡುವ ಗಾಯಗಳು. ಕೊಂಬೆ ಕಡಿದ ಜಾಗಕ್ಕೆ ಬಣ್ಣ, ಟಾರು ಬಳಿಯುವುದು, ಪೊಟರೆಗೆ ಸಿಮೆಂಟು ತುಂಬುವುದು ಹಳೆಯ ಚಾಳಿ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ನೋಡಿ, ಮರ ಗಾಯವನ್ನು ಮಾಯಿಸುವುದಿಲ್ಲ, ಸುತ್ತ ಗೋಡೆ ಕಟ್ಟಿ ಕೊಳೆಯನ್ನು ಬೇರ್ಪಡಿಸುತ್ತದೆ ಎಂದು 1970ರ ದಶಕದಲ್ಲೇ ತೋರಿಸಿಕೊಟ್ಟರು. ಬಳಿದ ಬಣ್ಣ ಕೊಳೆಯನ್ನು ತಡೆಯುವುದಿಲ್ಲ. ಕೊಂಬೆಯ ಬುಡದಲ್ಲಿ ಉಬ್ಬಿದ ಬಳೆಯಂಥ ಭಾಗವಿರುತ್ತದೆ. ಅದನ್ನು ಉಳಿಸಿ, ಅದರ ಹೊರಗೆ ಕತ್ತರಿಸಿದರೆ ಮರ ಆ ಗೋಡೆಯನ್ನು ಚೆನ್ನಾಗಿ ಕಟ್ಟಿಕೊಳ್ಳುತ್ತದೆ. ಕಾಂಡಕ್ಕೆ ಸವರಿದಂತೆ ಕತ್ತರಿಸಿದರೂ, ಅರ್ಧ ಮೊಳ ಮೋಟು ಬಿಟ್ಟರೂ ಕೊಳೆಗೆ ಬಾಗಿಲು ತೆರೆದಂತೆ. ಮರದ ತಲೆಯನ್ನೇ ಬೋಳಿಸುವವರಿಗೆ ಏನು ಹೇಳಿಯೂ ಪ್ರಯೋಜನ ಕಂಡಿಲ್ಲ.

ಯುರೋಪ್, ಅಮೆರಿಕದ ಬೀದಿಗಳಲ್ಲಿ ಸಾಲಾಗಿ ನೆಟ್ಟಿದ್ದ ಎಲ್ಮ್ ಮರಗಳ ಕಥೆ ಗೊತ್ತಿದ್ದವರು ಹೊಸ ಸಾಲು ನೆಡುವಾಗ ಎಚ್ಚರ ವಹಿಸುತ್ತಾರೆ. ತೊಗಟೆಯ ಜೀರುಂಡೆ ಹೊತ್ತು ತರುವ ಡಚ್ ಎಲ್ಮ್ ರೋಗದ ಶಿಲೀಂಧ್ರ, ಅಕ್ಕಪಕ್ಕದ ಮರಗಳ ಬೇರುಗಳು ಬೆಸೆದುಕೊಂಡಲ್ಲಿ ಮಣ್ಣಿನಡಿಯಲ್ಲೇ ದಾಟಿತು. ಬೀದಿಗೆ ಬೀದಿಯೇ ಬೋಳಾಯಿತು. 1990ರಲ್ಲಿ ಫ್ರ್ಯಾಂಕ್ ಸ್ಯಾಂಟಮೋರ್ ಎಂಬ ವಿಜ್ಞಾನಿ ಒಂದು ಅಳತೆ ಕೊಟ್ಟರು: ನಗರದ ಮರಗಳಲ್ಲಿ ಒಂದೇ ಪ್ರಭೇದ 10 ಪ್ರತಿಶತ, ಒಂದೇ ಕುಲ (ಹತ್ತಿರದ ಪ್ರಭೇದಗಳ ಗುಂಪು) 20, ಒಂದೇ ಕುಟುಂಬ (ಹತ್ತಿರದ ಕುಲಗಳ ಗುಂಪು) 30 ಮೀರಬಾರದು. ಮೇಪಲ್, ವಿಲ್ಲೋ, ಎಲ್ಮ್ ಎಂದು ನೋಡದೆ ಕೊರೆಯುವ ಉದ್ದ ಮೀಸೆಯ ಜೀರುಂಡೆಯ ಮುಂದೆ ಈ ಲೆಕ್ಕವೂ ಸಾಲದು. ಆದರೂ ಕೇಳಿದವರಿಗೆ ನಾನು ಹೇಳುವುದು, ಒಂದೇ ಜಾತಿಯ ಎರಡು ಮರಗಳನ್ನು ಅಕ್ಕಪಕ್ಕ ನೆಡಬೇಡಿ ಎಂದೇ. ಸಾಲು ಒಂದೇ ಎತ್ತರಕ್ಕೆ ಬರುವುದಿಲ್ಲ, ನೋಡಲು ಚೆನ್ನಾಗಿರುವುದಿಲ್ಲ ಎಂಬ ದೂರು ಬರುತ್ತದೆ. ಬರಲಿ.