ಹೊಗೆ ನಿಂತ ಕೆಂಡದ ಮೋಸ

ಹೊಗೆಯೆಲ್ಲ ಹೋಗಿ, ಮೇಲೆ ತೆಳ್ಳಗೆ ಬೂದಿ ಕಟ್ಟಿದ ಕೆಂಡ ನೋಡಿದರೆ ‘ಇನ್ನು ಒಳಗೆ ತಂದಿಟ್ಟುಕೊಳ್ಳಬಹುದು’ ಅನ್ನಿಸುತ್ತದೆ. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಧಾರಾಳವಾಗಿ ಹೊರಬೀಳುವುದು ಇಂಥ ಕೆಂಡದಿಂದಲೇ. ರಾಶಿಯ ತಳದಲ್ಲಿ ಹುಟ್ಟಿದ ಕಾರ್ಬನ್ ಡೈಆಕ್ಸೈಡ್ ಮೇಲಿನ ನಿಗಿನಿಗಿ ಕೆಂಡದ ನಡುವೆ ನುಸುಳಿ ಬರುವಾಗ ಇನ್ನಷ್ಟು ಇಂಗಾಲವನ್ನು ಸೆಳೆದುಕೊಂಡು ಮಾನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣೂ ಉರಿಯುವುದಿಲ್ಲ. ಮೂಗನ್ನು ನಂಬಿ ಕೂರುವ ಹಾಗಿಲ್ಲ.

ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲ ಅಂಟಿಕೊಳ್ಳುತ್ತದೆ. ಹೊರಗಿನ ಗಾಳಿಗೆ ಬಂದ ಮೇಲೂ ರಕ್ತದಲ್ಲಿರುವುದು ಅರ್ಧಕ್ಕಿಳಿಯಲು 4ರಿಂದ 6 ಗಂಟೆ ಬೇಕು. ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟರೆ 60ರಿಂದ 90 ನಿಮಿಷ ಸಾಕು.

ಗ್ಯಾಸ್ ಗೀಸರ್‌ನ ಕಥೆ ಬೇರೆ. ಗಾಳಿ ಸಾಕಷ್ಟಿದ್ದರೆ ಉರಿ ನೀಲಿಯಾಗಿ, ಬಹುಪಾಲು ಪೂರ್ತಿ ಉರಿಯುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಆಮ್ಲಜನಕ ಕಮ್ಮಿಯಾಗುತ್ತಾ ಹೋದಂತೆ ಅದೇ ಉರಿ ಅರೆಬರೆ ಉರಿದು ಮಾನಾಕ್ಸೈಡ್ ಕಕ್ಕತೊಡಗುತ್ತದೆ. ಮೊದಲ ಐದು ನಿಮಿಷ ಏನೂ ಆಗಲಿಲ್ಲ ಎನ್ನುವುದು ಇಪ್ಪತ್ತನೇ ನಿಮಿಷಕ್ಕೆ ಗ್ಯಾರಂಟಿ ಅಲ್ಲ. ಗೀಸರ್ ಬಚ್ಚಲ ಹೊರಗಿರಲಿ, ಹೊಗೆಕೊಳವೆ ಬಯಲಿಗೆ ತೆರೆದಿರಲಿ. ಹಳದಿ ಉರಿ, ಬರ್ನರ್ ಸುತ್ತ ಮಸಿ ಕಂಡರೆ ಆರಿಸಿ ರಿಪೇರಿಯವರನ್ನು ಕರೆಯಿರಿ. ಉರಿ ನೀಲಿಯಾಗಿದೆ ಎಂದು ಮೈಮರೆಯುವುದೂ ತಪ್ಪು.

ಮಾನಾಕ್ಸೈಡ್ ಪತ್ತೆಹಚ್ಚುವ ಅಲಾರಂ ಕೊಳ್ಳುವಾಗಲೇ ಹಲವರು ಎಡವುತ್ತಾರೆ. ಹೊಗೆಯ ಅಲಾರಂಗಾಗಲಿ, ಎಲ್‌ಪಿಜಿ ಸೋರಿಕೆಯ ಅಲಾರಂಗಾಗಲಿ ಈ ಅನಿಲ ಗೊತ್ತಾಗುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲ ಹಿಡಿಯುತ್ತದೆ. ಮಾನಾಕ್ಸೈಡ್ ಗಾಳಿಗಿಂತ ಕೂದಲೆಳೆಯಷ್ಟೇ ಹಗುರ, ಕೋಣೆಯ ತುಂಬ ಬೆರೆತುಬಿಡುತ್ತದೆ. ಹಾಗಾಗಿ ಮಲಗುವ ಜಾಗದ ಹತ್ತಿರ, ಪರದೆ-ಬೀರುಗಳ ಮರೆಯಿಲ್ಲದೆ ಅಲಾರಂ ಇಡಿ. ಮಾನಾಕ್ಸೈಡ್ ಅಲಾರಂಗಳಿಗೆಂದೇ ಇರುವ ಅಮೆರಿಕದ ಯುಎಲ್ 2034 ಮಾನದಂಡದ ಅಲಾರಂ ಈ ಅನಿಲ 400 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 400 ಪಾಲು) ಇದ್ದರೆ 4ರಿಂದ 15 ನಿಮಿಷದಲ್ಲಿ ಕೂಗಬೇಕು. 70 ಪಿಪಿಎಂಗೆ 1ರಿಂದ 4 ಗಂಟೆ. ಟೆಸ್ಟ್ ಗುಂಡಿ ಒತ್ತಿದಾಗ ಬರುವ ಸದ್ದು ಬ್ಯಾಟರಿ, ಬಜರ್ ಸರಿಯಿವೆ ಎಂದಷ್ಟೇ ಹೇಳುತ್ತದೆ. ಒಳಗಿನ ಸೆನ್ಸರ್ ಸವೆದಿದ್ದರೂ ಅದೇ ಸದ್ದು ಬರಬಹುದು. ಬೆನ್ನ ಮೇಲೆ ಅಚ್ಚಾದ ತಾರೀಖು ಮುಗಿದಿದ್ದರೆ ಬಿಸಾಕಿ. ಪ್ರಯಾಣಕ್ಕೆ ಬ್ಯಾಟರಿಯದ್ದೊಂದು ಬ್ಯಾಗಿನಲ್ಲಿರಲಿ. ಇಳಿದುಕೊಂಡ ಕೋಣೆಯ ಪಕ್ಕದಲ್ಲೋ ಕೆಳಗಡೆಯೋ ಬಾಯ್ಲರ್ ಇದ್ದರೆ ನಿಮಗೆ ತಿಳಿಯುವುದಾದರೂ ಹೇಗೆ?

ಅಲಾರಂ ಇದೆ ಎಂದು ಟೆಂಟ್‌ನೊಳಗೆ ಸ್ಟೌ ಹಚ್ಚಬೇಡಿ. ಜನರೇಟರ್ ಮನೆಯಿಂದ ಕನಿಷ್ಠ 6 ಮೀಟರ್ ದೂರ, ಹೊಗೆ ಬಾಗಿಲು-ಕಿಟಕಿಯತ್ತ ಬಾರದಂತಿರಲಿ. ಕಾರು ಹಿಮದಲ್ಲಿ ಸಿಕ್ಕಿಕೊಂಡರೆ ಹೀಟರ್‌ಗಾಗಿ ಎಂಜಿನ್ ಚಾಲೂ ಮಾಡುವ ಮುನ್ನ ಸೈಲೆನ್ಸರ್ ಬಾಯಿಯ ಹಿಮ ಕೆರೆದು ತೆಗೆಯಿರಿ. ಗ್ಯಾರೇಜಿನಲ್ಲಂತೂ ಬಾಗಿಲು ತೆರೆದಿದ್ದರೂ ಎಂಜಿನ್ ಓಡಿಸುತ್ತ ನಿಲ್ಲಿಸಬಾರದು.

ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು: ಫ್ಲೂ ಅನ್ನಿಸುತ್ತದೆ, ಆದರೆ ಜ್ವರವಿರುವುದಿಲ್ಲ. ಮನೆಮಂದಿಗೆಲ್ಲ ಒಟ್ಟಿಗೇ ಶುರುವಾಗಿ, ಹೊರಗೆ ಹೋದರೆ ಕಮ್ಮಿಯಾದರೆ ಅನುಮಾನ ಪಡಲೇಬೇಕು. ಬುದ್ಧಿ ಬೇಗ ಮಂಕಾಗುವುದರಿಂದ ಕಾರಣ ಹುಡುಕುತ್ತ ಒಳಗೆ ನಿಲ್ಲಬೇಡಿ. ಎಲ್ಲರನ್ನೂ ಹೊರಗೆ ಕರೆತಂದು ತುರ್ತು ಸಹಾಯಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ‘ಒಳಗೆ ಗೀಸರ್ ಉರಿಯುತ್ತಿತ್ತು’, ‘ಇದ್ದಿಲಿತ್ತು’ ಎಂದು ಬಾಯಿಬಿಟ್ಟು ಹೇಳಿ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್ ಮಾನಾಕ್ಸೈಡ್ ಹೊತ್ತ ಹಿಮೋಗ್ಲೋಬಿನ್ನನ್ನೂ ಆಮ್ಲಜನಕ ಹೊತ್ತದ್ದೆಂದೇ ಎಣಿಸಿ 98 ಎಂದು ತೋರಿಸಬಹುದು. ಈ ವಿಷ ಸಿಕ್ಕಿಬೀಳುವುದು ಅದಕ್ಕೆಂದೇ ಮಾಡುವ ರಕ್ತಪರೀಕ್ಷೆಯಲ್ಲಿ.